ತಿಂಗಳಿಗೊಂದು ಕತೆ ಆರಿಸೋ ಕಷ್ಟ

ಕತೆ ಬರೆಯೋದು ಕಷ್ಟ ಅಂತಾರೆ. ನಾಲ್ಕು ಮನೆಯವರಿಗೆ ಒಪ್ಪೋ ಕತೆ ಆರಿಸಿ ನೋಡಲಿ, ಆಮೇಲೆ ಮಾತಾಡೋಣ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಕೆಂಡಲ್ ಪಾರ್ಕ್ ಅನ್ನೋ ಊರಲ್ಲಿದ್ದ ನಮ್ಮ ಬುಕ್ ಕ್ಲಬ್ಬಿಗೆ ತಿಂಗಳಿಗೊಂದು ಸಣ್ಣಕತೆ ಆರಿಸೋ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಏನಾದರೊಂದು ಯಡವಟ್ಟಾಗದೆ ಒಂದು ತಿಂಗಳೂ ಕಳೆಯುತ್ತಿರಲಿಲ್ಲ.

೧. ನಮ್ಮ ಲೈಬ್ರರಿ

ಅಲ್ಲಿ ಕನ್ನಡ ಪುಸ್ತಕ ಎಲ್ಲಿಂದ ತರೋದು? ಊರಿಂದ ಬಂದವರು ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದ ವಾರಪತ್ರಿಕೆಯೇ ಗತಿ. ಹಾಗೆ ಸಿಕ್ಕ ಒಂದು ಕತೆಗೆ ಕಡೆಯ ಪುಟವೇ ಇರಲಿಲ್ಲ. ಹುಡುಗಿ ಮದುವೆಗೆ ಒಪ್ಪಿದಳೋ ಇಲ್ಲವೋ ಅಂತ ಎರಡು ಗಂಟೆ ವಾದ ಆಯಿತು. ಕಡೆಗೆ ಬಾಟಲಿ ತಂದವರಿಗೆ ಫೋನ್ ಮಾಡಿದೆ.

"ಆ ಪುಟ ನಿಂಬೆಕಾಯಿ ಬಾಟಲಿಗೆ ಸುತ್ತಿತ್ತು. ಜರ್ಸಿ ಸಿಟಿಯವರಿಗೆ ಕೊಟ್ಟುಬಿಟ್ಟೆ."

ಜರ್ಸಿ ಸಿಟಿಗೆ ಮಾಡಿದರೆ, "ಎಣ್ಣೆ ಸೋರಿ ಒಂದಕ್ಷರ ಕಾಣಲ್ಲ ಕಣ್ರೀ. ಉಪ್ಪಿನಕಾಯಿ ಮಾತ್ರ ಚೆನ್ನಾಗಿದೆ" ಅಂದರು.

೨. ಆಕ್ಷೇಪಣೆಗಳು

ಮುಂದಿನದು ನಾಯಕಿ ಕ್ಷಯದಿಂದ ಸಾಯೋ ಕತೆ. ಕ್ಲಬ್ಬಿನ ಡಾಕ್ಟರು ಎರಡನೇ ಪುಟದಲ್ಲೇ ನಿಂತರು. "ಎಕ್ಸ್‌ರೇ ಕೂಡ ತೆಗೆಸದೆ ಸಾಯಿಸ್ತಿದ್ದಾರೆ. ನಾನು ಮುಂದೆ ಓದಲ್ಲ."

ಅದಾದ ಮೇಲೆ ಸೊಸೆಯ ಗೋಳಿನ ಕತೆ. ಕ್ಲಬ್ಬಿನ ಧಾರವಾಡದವರ ಮನೆಗೆ ಆಗಷ್ಟೇ ಊರಿಂದ ಅತ್ತೆ ಬಂದಿದ್ದರು. ಧಾರವಾಡದಾಕೆ ಅವತ್ತೇ ಕತೆ ವಾಪಸ್ ತಂದರು.

"ಇದನ್ನ ನಮ್ಮನ್ಯಾಗ ಇಟ್ಕೊಳ್ಳಿಕ್ಕೆ ಆಗೂದಿಲ್ರೀ. ನಮ್ಮ ಅತ್ತಿಯವರಿಗೆ ಓದ್ಲಿಕ್ಕೆ ಬರ್ತದ."

೩. ಎಲ್ಲರೂ ಮೆಚ್ಚಿದ ಕತೆ

ಕಡೆಗೆ ಗಂಡಸರು ತೀರ್ಮಾನ ಹೇಳಿದರು: ಈ ಸಲವೂ ಎಲ್ಲರೂ ಓದದಿದ್ದರೆ ಕ್ಲಬ್ ಬಂದ್, ರಮ್ಮಿ ಶುರು. ನನಗೆ ನಿಜವಾಗಿ ಸಂಕಟವಾಯಿತು. ತಿಂಗಳಲ್ಲಿ ಆ ಒಂದು ಮಧ್ಯಾಹ್ನ ಬಿಟ್ಟರೆ ಕನ್ನಡದಲ್ಲಿ ಜಗಳ ಆಡೋಕೆ ನನಗಿದ್ದದ್ದು ಗಂಡ ಒಬ್ಬರೇ.

ರಿಟೈರಾದ ಸ್ಟೇಷನ್ ಮಾಸ್ಟರ ಕತೆ ಆರಿಸಿದೆ. ಎಲ್ಲರಿಗೂ ಫೋನಿನಲ್ಲಿ ಕತೆ ಏನು ಅಂತ ಎರಡು ಮಾತಿನಲ್ಲಿ ಹೇಳಿ, ಕವರಿಗೆ ಹಾಕಿ ಕಳಿಸಿದೆ. ಓದಿದವರು ಕವರಿನ ಮೇಲೆ ಸಹಿ ಹಾಕಿ ಮುಂದಿನ ಮನೆಗೆ ಕೊಡಬೇಕು ಅಂತ ನಿಯಮ ಮಾಡಿದೆ. ಎಲ್ಲ ಸಹಿಯೂ ಬಂತು.

ಅವತ್ತಿನ ಚರ್ಚೆ ಏನು ಕೇಳ್ತೀರಿ! "ಮಾಸ್ಟರ ಒಂಟಿತನ ಎಷ್ಟು ಚೆನ್ನಾಗಿ ಬಂದಿದೆ," ಅಂದರು ಡಾಕ್ಟರು. "ಕಡೀಕ ನನಗ ಅಳುನೇ ಬಂತ್ರೀ," ಅಂದರು ಧಾರವಾಡದಾಕೆ. ಕ್ಲಬ್ ಮುಂದುವರಿಯಲಿ ಅಂತ ಎಲ್ಲರೂ ಕೈ ಎತ್ತಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಅವರೆಲ್ಲ ಹೋದಮೇಲೆ ಕತೆ ಎತ್ತಿಡೋಣ ಅಂತ ಕವರ್ ಬಿಚ್ಚಿದೆ. ಒಳಗೆ ನಮ್ಮ ಕಾರಿನ ಇನ್ಶೂರೆನ್ಸ್ ಕಾಗದ. ಅವಸರದಲ್ಲಿ ನಾನೇ ಅದಲುಬದಲು ಮಾಡಿದ್ದೆ. ಬಾಯಿಬಿಟ್ಟರೆ ರಮ್ಮಿ, ತೆಪ್ಪಗಾದೆ.

ಕವರಿನ ಮೇಲೆ ಮೊದಲ ಸಹಿ ನಮ್ಮನೆಯವರದು. ಪಕ್ಕದಲ್ಲಿ ಬರೆದಿದ್ದರು: "ಗ್ಯಾಸ್ ಸ್ಟೇಷನ್ನಿನ ಪೆಟ್ರೋಲ್ ಕ್ಯೂನಲ್ಲಿ ಕೂತು ಎರಡು ಸಲ ಓದಿದೆ." ಆ ಇನ್ಶೂರೆನ್ಸ್ ಕಾಗದ ಎಲ್ಲಿಟ್ಟೆ ಅಂತ ಮೂರು ವಾರದಿಂದ ನನ್ನ ಪ್ರಾಣ ತಿನ್ನುತ್ತಿದ್ದವರೂ ಅವರೇ.