ಬೊಟ್ಟು ನಿಲ್ಲದ ಕಾರು

ಹೊನ್ನಾವರದ ಪಕ್ಕದ ಕಾಸರಕೋಡಿನ ಉಪ್ಪು ಗಾಳಿಗೆ ಹಲ್ಲಿಲ್ಲ, ಆದರೂ ಅದು ಕಬ್ಬಿಣ ತಿನ್ನುತ್ತದೆ. ದೇವರಾಜನ ಮನೆಯ ಗೇಟನ್ನು ಅದು ತಿಂದು ಮುಗಿಸಿತ್ತು. ಸೈಕಲ್ಲನ್ನು ಬೆಲ್ಲಿನ ಸಮೇತ ನುಂಗಿತ್ತು. ಕಿಟಕಿಯ ಸರಳುಗಳನ್ನು ಅರ್ಧ ತಿಂದು, ಉಳಿದರ್ಧವನ್ನು ಮುಂದಿನ ಮಳೆಗಾಲಕ್ಕೆಂದು ಎತ್ತಿಟ್ಟಿತ್ತು. ಹಾಗಾಗಿ ದೋಣಿ ಮಾಲೀಕ ದೇವರಾಜ ಹೊಸ ಕೆಂಪು ಕಾರು ತಂದ ದಿನ ನೆರೆಹೊರೆಯವರು ಪೇಡೆ ತಿಂದು, ಕಾರಿಗೊಂದು ಪ್ರದಕ್ಷಿಣೆ ಬಂದು, "ಗಾಡಿ ಚಲೋ ಇದೆ ಮಾರಾಯಾ. ಎಷ್ಟು ದಿನ ಹೀಗೇ ಇರ್ತದೋ!" ಎಂದು ಹರಸಿ ಹೋದರು.

ಆ ಹಾರೈಕೆ ಅವನ ಎದೆಗೆ ನಾಟಿತು. ಯಾಕೆಂದರೆ ಕಾರು ತಂದದ್ದು ಅವನ ಶೋಕಿಗಲ್ಲ, ತಾಯಿ ಸುಬ್ಬಿಗಾಗಿ. ಸುಬ್ಬಿ ಪ್ರಾಯವನ್ನೆಲ್ಲ ಮೀನಿನ ಬುಟ್ಟಿಯ ಕೆಳಗೇ ಕಳೆದವಳು. ಬುಟ್ಟಿ ಕಂಡರೆ ಬಸ್ಸಿನವರು ಖಾಲಿ ಬಸ್ಸಿನಲ್ಲೂ "ಜಾಗ ಇಲ್ಲ" ಅನ್ನುತ್ತಿದ್ದರು. ಶರಾವತಿಯ ಸೇತುವೆಯನ್ನು ಅವಳು ನಡೆದೇ ದಾಟಿ ಹೊನ್ನಾವರ ಪೇಟೆ ಸೇರುತ್ತಿದ್ದಳು. ಆಯಿಯನ್ನು ಸ್ವಂತ ಗಾಡಿಯಲ್ಲಿ ಕೂರಿಸಿ ಆ ಸೇತುವೆ ದಾಟಿಸಬೇಕು ಎಂಬುದು ದೇವರಾಜನ ಬಹುಕಾಲದ ಹಂಬಲ. ಹಾಗೆ ದಾಟಿಸುವ ಗಾಡಿ ತುಕ್ಕು ಹಿಡಿದದ್ದಾಗಬಾರದು, ಅಷ್ಟೆ.

"ಭಟ್ಕಳದಲ್ಲಿ ಜಾವೀದ್ ಭಾಯಿ ಅಂತ ಇದ್ದಾರಂತೆ" ಎಂದ ಹೆಂಡತಿ ವೀಣಾಳಿಗೆ. "ದುಬೈಯಿಂದ ಬಂದವ್ರು. ಗಾಡಿಗೆ ಫಿಲ್ಮ್ ಹಾಕ್ತಾರಂತೆ. ಮೇಲಿಂದ ಟೆಫ್ಲಾನ್ ಕೋಟಿಂಗು."

"ಹಾಕಿಸ್ಕಂಡು ಬನ್ನಿ. ಆದ್ರೆ ಆಯಿ ಇನ್ನೂ ಗಾಡಿಗೆ ಕಾಲಿಡ್ಲಿಲ್ಲ, ನೆನಪಿರ್ಲಿ."

"ಅದ್ಕೇ ಹೋಗೂದು!"

ಅವನು ಹೋದ ಮೇಲೆ ಕೇರಿಯಲ್ಲಿ ಸುದ್ದಿ ಹಬ್ಬಿತು. ದೇವರಾಜ ಫಿಲ್ಮ್ ಹಾಕಿಸಲು ಭಟ್ಕಳಕ್ಕೆ ಹೋಗಿದ್ದಾನೆ. (ಸಂಜೆ ಇಬ್ಬರು ಮುದುಕಿಯರು ಚಾಪೆ ಹಿಡಿದು ಅಂಗಳಕ್ಕೆ ಬಂದು, "ಯಾವ ಫಿಲ್ಮು? ದೇವ್ರದ್ದಾದ್ರೆ ಕೂತು ನೋಡ್ವ" ಅಂದರು. ವೀಣಾ ಅವರಿಗೆ ಚಾ ಕೊಟ್ಟು ಕಳಿಸಿದಳು.)

ಜಾವೀದ್ ಭಾಯಿಯ ಕೆಲಸವನ್ನು ದೇವರಾಜ ಎವೆ ಮುಚ್ಚದೆ ನೋಡಿದ. ಗಾಜಿನಂತೆ ತಿಳಿಯಾದ ಹಾಳೆಯನ್ನು ಬಾನೆಟ್ಟಿನ ಮೇಲೆ ಹಾಸಿ, ಸಾಬೂನಿನ ನೀರು ಚಿಮುಕಿಸಿ, ಗುಳ್ಳೆಗಳನ್ನು ಒಂದೊಂದಾಗಿ ಅಂಚಿಗೆ ಒತ್ತಿ ಓಡಿಸುತ್ತಿದ್ದ ಆ ಕೈಗಳು ಎಳೆಗೂಸಿಗೆ ಎಣ್ಣೆ ನೀರು ಹಾಕುವ ಅಜ್ಜಿಯ ಕೈಗಳಂತಿದ್ದವು. ಆಮೇಲೆ ಕೋಟಿಂಗ್ ಬಳಿದರು, ಒಣಗಿಸಿದರು, ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರು, ಮತ್ತೆ ಉಜ್ಜಿದರು. ಕೊನೆಗೆ ಬಾನೆಟ್ಟಿನಲ್ಲಿ ದೇವರಾಜನ ಮುಖ ಕಾಣಿಸಿತು. ಕನ್ನಡಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿಯೇ ಕಾಣಿಸಿತು.

"ಅಲ್ಲಿ ಮರಳಿನ ಗಾಳಿ, ಇಲ್ಲಿ ಉಪ್ಪಿನ ಗಾಳಿ. ಎರಡಕ್ಕೂ ಇದೇ ಮದ್ದು" ಎಂದರು ಜಾವೀದ್ ಭಾಯಿ. "ಮನೇಲಿ ದೋಸೆ ಅಂಟದ ಕಾವಲಿ ಇಲ್ವಾ? ಅದೇ ಟೆಫ್ಲಾನು. ಇನ್ನು ಈ ಗಾಡಿಗೆ ಎಂತದೂ ಅಂಟೂದಿಲ್ಲ."

ಕಾವಲಿಯ ಮಾತು ದೇವರಾಜನ ತಲೆಯಲ್ಲಿ ಭದ್ರವಾಗಿ ಕೂತಿತು. ಅಂಥ ಕಾವಲಿಗೆ ಕಬ್ಬಿಣದ ಸಟ್ಟುಗ ತಾಗಿಸಬಾರದು, ಮರದ್ದೇ ಆಗಬೇಕು ಎಂದು ವೀಣಾ ಹೇಳಿದ್ದು ನೆನಪಿತ್ತು. ಮನೆಗೆ ಬಂದವನೇ ಕಾನೂನು ಜಾರಿ ಮಾಡಿದ. ಕಾರಿನ ಹತ್ತಿರ ಬಳೆ ಕೂಡದು. ಕೀಲಿಗೊಂಚಲು ಕೂಡದು. ಬೆಲ್ಟು ಬಿಚ್ಚಿಯೇ ಬರಬೇಕು. (ಹೋಳನಗದ್ದೆಯಿಂದ ಬಂದ ವೀಣಾಳ ಅಣ್ಣ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಕಾರು ನೋಡಿ ಹೋದ.) ಕಾಗೆ ಕೂರದಂತೆ ಇಡೀ ಕಾರಿನ ಮೇಲೆ ಹಳೆ ಬಲೆ ಹರಡಿದ. ದೂರದಿಂದ ನೋಡಿದವರಿಗೆ ದೇವರಾಜನಿಗೆ ಭಾರೀ ಕೆಂಪು ಮೀನೊಂದು ಸಿಕ್ಕಿದೆ ಅನ್ನಿಸುತ್ತಿತ್ತು.

"ನನ್ನ ಧಾರೆ ಸೀರೆಗೂ ಇಷ್ಟು ಉಪಚಾರ ಇರ್ಲಿಲ್ಲ" ಎಂದಳು ವೀಣಾ.

"ಸೀರೆಗೆ ತುಕ್ಕು ಹಿಡೀತದ್ಯನೇ?"

"ನಂಗೂ ಒಂದು ಕೋಟಿಂಗ್ ಹೊಡೆಸಿ ಬಿಡಿ. ನಿಮ್ಮ ಮಾತು ಮೈಗೆ ಅಂಟದ ಹಾಗೆ."

ಹಾಗೆಂದರೂ, ಗಂಡ ಬೆಳಿಗ್ಗೆ ಬಲೆ ಸರಿಸಿ ಬಾನೆಟ್ಟಿನ ಮೇಲಿನ ಇಬ್ಬನಿಯನ್ನು ಮೆಲ್ಲನೆ ಒರೆಸುವುದನ್ನು ನೋಡುವಾಗ ಅವಳ ಮುಖದಲ್ಲಿ ನಗೆ ಇರುತ್ತಿತ್ತು. ಒಂದು ವಸ್ತುವನ್ನು ಅಷ್ಟು ಮುತುವರ್ಜಿಯಿಂದ ಕಾಯುವವನ ಕೈಯಲ್ಲಿ ಮನೆಯೂ ಸುಖವಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಪೂಜೆ, ಆಮೇಲೆ ಕಾರಿನಲ್ಲಿ ಇಡಗುಂಜಿ ಗಣಪತಿಯ ದರ್ಶನ. ಆ ಮನೆಯಲ್ಲಿ ಹೊಸ ದೋಣಿ ನೀರಿಗಿಳಿಯುವ ಮೊದಲು ಮನೆಯ ಹಿರಿಯ ಹೆಂಗಸು ಅದರ ಹಣೆಗೆ, ಅಂದರೆ ಮುಂಭಾಗದ ಹಲಗೆಗೆ, ಕುಂಕುಮದ ಬೊಟ್ಟಿಡಬೇಕು. ಬೊಟ್ಟು ನಿಂತರೆ ದೋಣಿಯನ್ನು ದೇವಿ ಅಮ್ಮನವರು ಒಪ್ಪಿದರು ಎಂದು ಅರ್ಥ. ಉದುರಿದರೆ ದೋಣಿ ಅಂದು ಹೊರಡುವುದಿಲ್ಲ. ಕಾರಿಗೂ ಅದೇ ಕ್ರಮವೆಂದು ಸುಬ್ಬಿ ನಿರ್ಧರಿಸಿದ್ದಳು. ಮಿಂದು, ಮಡಿ ಉಟ್ಟು, ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು (ಕಾನೂನು ಅವಳಿಗೂ ಇತ್ತು) ಕುಂಕುಮವನ್ನು ನೀರಿನಲ್ಲಿ ಕಲಸಿ, ಕಣ್ಣು ಮುಚ್ಚಿ ಅಮ್ಮನವರನ್ನು ನೆನೆದು, ಬಾನೆಟ್ಟಿನ ನಡುವೆ ಬೊಟ್ಟಿಟ್ಟಳು.

ಬೊಟ್ಟು ಒಂದು ಕ್ಷಣ ಯೋಚಿಸಿತು. ಆಮೇಲೆ ಮುತ್ತಿನಂತೆ ದುಂಡಗಾಗಿ, ಸರ್ರನೆ ಜಾರಿ, ನೆಲಕ್ಕೆ ಬಿತ್ತು.

ಸುಬ್ಬಿ ಇನ್ನೊಂದು ಇಟ್ಟಳು. ಅದು ಮೊದಲನೆಯದಕ್ಕಿಂತ ಚುರುಕಾಗಿ ಜಾರಿತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು ಸಾಲಾಗಿ ಮೂರು ಹನಿಯಾಗಿ ಓಡಿತು. ಗಂಜಿಯಲ್ಲಿ ಕಲಸಿದ್ದು ಮಾತ್ರ ನಿಂತಂತೆ ಕಂಡಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಅದೂ ಹೊರಟಿತು.

"ನನ್ನ ಸ್ಟಿಕ್ಕರ್ ಬೊಟ್ಟು ಕೊಡ್ಲಾ?" ಎಂದಳು ವೀಣಾ.

"ಸ್ಟಿಕ್ಕರು ನಿನ್ನ ಹಣೆಗೆ ಸಾಕು. ಅಮ್ಮನವ್ರ ಮುಂದೆ ಅಂಗಡಿ ಬೊಟ್ಟು ನಡೀತದ್ಯ?" ಸುಬ್ಬಿ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಮಗನ ಕಡೆ ತಿರುಗಿದಳು. "ತಮಾ, ಅಮ್ಮನವ್ರ ಕುಂಕುಮವೇ ನಿಲ್ಲದ ಗಾಡೀಲಿ ನಾ ಕೂತ್ಕಳೂದಿಲ್ಲ. ನೀವು ಹೋಗಿ ಬನ್ನಿ. ನಾ ನಡೀತೆ, ನಂಗೆ ರೂಢಿ ಇದೆ."

ಅವಳು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ದೇವರಾಜ ವಾದ ಮಾಡುತ್ತಿದ್ದ. ಅವನು ಮನೆಯ ಹಿಂದೆ ಹೋಗಿ ಭಟ್ಕಳಕ್ಕೆ ಫೋನ್ ಮಾಡಿದ.

"ಜಾವೀದ್ ಭಾಯಿ, ಬೊಟ್ಟು ನಿಲ್ಲೂದಿಲ್ಲ!"

"ಮಾಷಾ ಅಲ್ಲಾಹ್! ಹಾಗಾದ್ರೆ ಕೋಟಿಂಗ್ ಚಲೋ ಕೂತಿದೆ."

"ನಿಲ್ಲೂ ಹಾಗೆ ಎಂತಾರೂ ಮಾಡೂಕೆ ಆಗ್ತದ್ಯ?"

"ನಿಲ್ಬಾರ್ದು ಅಂತ್ಲೇ ಅಲ್ವಾ ನೀವು ಇಲ್ಲಿವರೆಗೆ ಬಂದದ್ದು?" ಎಂದರು ಜಾವೀದ್ ಭಾಯಿ, ತುಂಬ ಮರ್ಯಾದೆಯಿಂದ.

ದೇವರಾಜ ಮೆಟ್ಟಿಲ ಮೇಲೆ ಕೂತ. ಎದುರಿಗೆ ಕಾರು ಹೊಳೆಯುತ್ತಿತ್ತು. ಪಕ್ಕದಲ್ಲಿ ಆಯಿ ಬಾಡಿದ ಮಲ್ಲಿಗೆಯನ್ನು ದಂಡೆಯಿಂದ ಆರಿಸಿ ತೆಗೆಯುತ್ತಿದ್ದಳು. ಒಮ್ಮೆ ಇದನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಆಮೇಲೆ ಎದ್ದು, ಬಲೆ ಹಗ್ಗಗಳಿಟ್ಟ ಚಪ್ಪರಕ್ಕೆ ಹೋಗಿ, ದೋಣಿಯ ಹಳೆ ಬಣ್ಣ ತಿಕ್ಕುವ ಮರಳು ಕಾಗದ ಹಿಡಿದು ಬಂದ.

"ಎಂತ ಮಾಡ್ತ್ರಿ? ಹ್ವಾಯ್! ಎಂತ ಮಾಡ್ತ್ರಿ?" ವೀಣಾ ಓಡಿ ಬಂದಳು.

ಅವನು ಕಣ್ಣು ಮುಚ್ಚಿಕೊಂಡು ತಿಕ್ಕಿದ. ಬಳೆಯನ್ನೂ ಬೆಲ್ಟನ್ನೂ ಗಡಿಪಾರು ಮಾಡಿದ್ದ ಮಹಾರಾಜ ತನ್ನ ಕೈಯಾರೆ, ಬಾನೆಟ್ಟಿನ ನಟ್ಟ ನಡುವೆ, ಚಕ್ಕುಲಿಯಷ್ಟು ಅಗಲದ ಜಾಗವನ್ನು ಕರಕರನೆ ತಿಕ್ಕಿ ದೊರಗು ಮಾಡಿದ. ಒಂದೊಂದು ಸಲ ತಿಕ್ಕುವಾಗಲೂ ತನ್ನ ಹಲ್ಲನ್ನೇ ತಿಕ್ಕಿದಂತೆ ಮುಖ ಹಿಂಡುತ್ತಿದ್ದ.

ಸುಬ್ಬಿ ಬಂದು ಬೊಟ್ಟಿಟ್ಟಳು. ಬೊಟ್ಟು ನಿಂತಿತು. ಹುಟ್ಟಿದಂದಿನಿಂದ ಅಲ್ಲೇ ಇತ್ತೇನೋ ಎಂಬಂತೆ ನಿಂತಿತು.

"ಹೌದಾ, ಗಾಜಿಗೆ ಇಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದಳು ವೀಣಾ ನಿಧಾನವಾಗಿ. "ಗಾಜಿಗೆ ಕೋಟಿಂಗ್ ಇಲ್ವಲ್ಲ."

ದೇವರಾಜ ಕೈಯಲ್ಲಿದ್ದ ಕಾಗದವನ್ನು ನೋಡಿದ. "ಇದನ್ನ ಈಗ ಹೇಳ್ತ್ಯಾ ನೀನು?"

"ಈಗಲೇ ಹೊಳೆದದ್ದು ಮತ್ತೆ."

"ಸುಮ್ನಿರೆ" ಎಂದಳು ಸುಬ್ಬಿ. "ಗಾಜು ಅಂದ್ರೆ ಗಾಡಿ ಕಣ್ಣು. ಕಣ್ಣಿಗೆ ಯಾರಾದ್ರೂ ಬೊಟ್ಟಿಡ್ತಾರ? ಹಣೆಗೇ ಇಡ್ಬೇಕು. ನನ್ನ ಮಗ ಮಾಡಿದ್ದೇ ಸರಿ." ಅಷ್ಟು ಹೇಳಿ ಬೊಟ್ಟಿಗೆ ಕೈ ಮುಗಿದು, ಮುಂದಿನ ಬಾಗಿಲು ತೆಗೆದು, ದೇವರ ಕೋಣೆಗೆ ಹೋಗುವಂತೆ ಬಲಗಾಲಿಟ್ಟು ಒಳಗೆ ಕೂತಳು.

ಬಾನೆಟ್ಟಿನ ಗಾಯ ಆ ಕ್ಷಣವೇ ಮಾಯಿತು, ದೇವರಾಜನ ಮಟ್ಟಿಗೆ. "ಇಡಗುಂಜಿಗೆ ಹೋಗ್ವನ ಆಯಿ?"

"ಇಡಗುಂಜಿಗೆ ನಾಳೆ ಹೋಗ್ವ. ಇವತ್ತು ಸೇತುವೆ ದಾಟ್ಸು."

ವೀಣಾ ಹಿಂದೆ ಹತ್ತಿದಳು, ಕಾರು ಹೆದ್ದಾರಿಗೆ ಬಂತು. ಸುಬ್ಬಿ ಸೆರಗನ್ನು ಹೊದ್ದು, ನೆಟ್ಟಗೆ ಕೂತಿದ್ದಳು. ದಾರಿಯ ಎರಡೂ ಕಡೆ ಅವಳು ಯಾರನ್ನೂ ಕರೆಯಲಿಲ್ಲ, ಆದರೆ ಎಲ್ಲರೂ ತನ್ನನ್ನು ನೋಡಲಿ ಎಂದು ಗಾಜು ಮಾತ್ರ ಪೂರ್ತಿ ಇಳಿಸಿದ್ದಳು. ಸೇತುವೆಯನ್ನು ಇನ್ನೇನು ಹತ್ತಬೇಕು, ಅಷ್ಟರಲ್ಲಿ ಅವಳ ಕೈ ದೇವರಾಜನ ತೋಳಿನ ಮೇಲೆ ಬಿತ್ತು.

"ನಿಲ್ಸು! ನಾಗಿ ನಿಂತ್ಕಂಡಿದೆ ನೋಡು."

ಬಸ್ ನಿಲ್ದಾಣದಲ್ಲಿ ಅವಳ ಹಳೆಯ ಜೊತೆಗಾರ್ತಿ ನಾಗಿ ನಿಂತಿದ್ದಳು. ಅವಳ ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಅಂದಿನ ಬಂಗಡೆ ಮೀನು. ಬುಟ್ಟಿಯಿಂದ ಹನಿ ಹನಿಯಾಗಿ ನೀರು.

"ಬಸ್ಸಿನಂವ ನಿಲ್ಸಲೇ ಇಲ್ಲೆ ಸುಬ್ಬಕ್ಕ" ಎಂದಳು ನಾಗಿ.

"ಹತ್ತು, ಹಿಂದೆ ಹತ್ತು."

"ಬ್ಯಾಡಪ್ಪ, ಹೊಸ ಗಾಡಿ. ನೀರು ಸೋರ್ತದೆ."

"ಸೋರಿದ್ರೆ ಸೋರ್ಲಿ! ಇಂಥದ್ದಕ್ಕೇ ಅಲ್ವನೇ ನನ್ನ ತಮ ಭಟ್ಕಳಕ್ಕೆ ಹೋಗಿ ಅದೆಂತದೋ ಮಾಡ್ಸಿಕಂಡು ಬಂದದ್ದು!"

ದೇವರಾಜನ ಬಾಯಿ ತೆರೆಯಿತು. ಕೋಟಿಂಗು ಇದ್ದದ್ದು ಹೊರಗೆ. ಒಳಗೆ ಇದ್ದದ್ದು ಹಾಲಿನ ಬಣ್ಣದ ಬಟ್ಟೆಯ ಸೀಟು. ಹಿಂದೆ ವೀಣಾ ಆಗಲೇ ಸೀರೆ ಎತ್ತಿಕೊಂಡು ಬಾಗಿಲಿಗೆ ಒತ್ತಿ ಕೂತಿದ್ದಳು. ನಾಗಿ ಬುಟ್ಟಿ ಇಳಿಸಿ, ಒಳಗೆ ಇಣುಕಿ, ಅನುಮಾನದಿಂದ ಕೇಳಿದಳು:

"ಒಳಗೂ ಮಾಡ್ಸಿದ್ಯನಾ ದೇವರಾಜಾ?"

ಅವನು ತಾಯಿಯ ಮುಖ ನೋಡಿದ. ಸುಬ್ಬಿ ಸೇತುವೆಯ ಕಡೆ ನೋಡುತ್ತ, ಮಗನನ್ನು ಹೆತ್ತದ್ದು ಸಾರ್ಥಕ ಎಂಬಂತೆ ನಗುತ್ತಿದ್ದಳು.

"ಒಳಗೇ ಜಾಸ್ತಿ ಮಾಡ್ಸಿದ್ದು" ಎಂದ ದೇವರಾಜ. ಇಳಿದು ಬಂದು, ಬುಟ್ಟಿಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ಸೀಟಿನ ನಟ್ಟ ನಡುವೆ ಇಟ್ಟ.