ಆಯುಧಪೂಜೆಗೆ ಬಳಿದ ಕಪ್ಪು ಬಣ್ಣ

"ಈ ಸಲದ ಆಯುಧಪೂಜೆಗೆ ನನ್ನ ಕಾರನ್ನ ಯಾವ ಮೆಕ್ಯಾನಿಕ್ಕೂ ಮುಟ್ಟಕೂಡದು!" ಎಂದು ದೇವರಾಜ ಮೊಹಲ್ಲಾದ ಜವಳಿ ವ್ಯಾಪಾರಿ ಪುಟ್ಟಸ್ವಾಮಿ ಘೋಷಿಸಿಬಿಟ್ಟರು. ಕಾರೋ, ಮಹಾಯುದ್ಧಕ್ಕೂ ಮುಂಚಿನದು. ಆರು ವೋಲ್ಟಿನ ಬಡ ಬ್ಯಾಟರಿಯದು. ಅದನ್ನು ಎಂದೂ ಹತ್ತದ ಹಿನಕಲ್ ಹಳ್ಳಿಯ ಮಾವ ಗುರುಮಲ್ಲಪ್ಪನವರು, "ಪೂಜೆ ದಿನ ಕೂತ್ಕೋತೀನಿ. ಕೈಕೊಟ್ರೆ ಮಾತ್ರ ಇನ್ನು ಜನ್ಮದಲ್ಲಿ ಹತ್ತಲ್ಲ" ಎಂದು ಷರತ್ತು ಹಾಕಿ ಬಂದಿದ್ದರು. ಪುಟ್ಟಸ್ವಾಮಿಯವರ ಮಾನವೆಲ್ಲ ಆ ಸವಾರಿಯ ಮೇಲೆ ನಿಂತಿತ್ತು.

ಹಿಂದಿನ ದಿನವೇ ಎಂಜಿನ್ನಿನ ಸುತ್ತ ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ, ಉಜ್ಜಿ, ಎರಡೆರಡು ಸಲ ಕಪ್ಪು ಬಣ್ಣ ಬಳಿದು, ಒಣಗಿಸಿ ಮತ್ತೆ ಬಿಗಿದಿದ್ದರು. ಪೂಜೆ ಆಯಿತು. ಚಕ್ರದಡಿ ನಿಂಬೆಹಣ್ಣು ಕೂತವು. ಸ್ಟಾರ್ಟರ್ ಒತ್ತಿದರು. ಟಕ್! ಅಷ್ಟೇ.

"ಬ್ಯಾಟರಿ ಸತ್ತಿದೆ ಕಣೇ."

"ದೀಪ ಉರೀತಾ ಇದೆಯಲ್ರೀ?" ಎಂದರು ಹೆಂಡತಿ ಚಾಮುಂಡೇಶ್ವರಿ.

"ಹಂಗಾದ್ರೆ ಬದುಕಿದೆ."

"ಸ್ಟಾರ್ಟರ್ ಒತ್ತಿದ್ರೆ ದೀಪಾನೂ ಹೋಗುತ್ತಲ್ರೀ?"

"ಹಂಗಾದ್ರೆ ಸತ್ತಿದೆ... ಅಲ್ಲ, ಬಿಟ್ರೆ ಮತ್ತೆ ಬರುತ್ತೆ... ನೀನು ಸುಮ್ನಿರು, ತಲೆ ಕೆಡಿಸ್ಬೇಡ!"

ತಲೆ ಆಗಲೇ ಕೆಟ್ಟಿತ್ತು. ಹಾರ್ನ್ ಒತ್ತಿದರೆ ನೆಗಡಿಯಾದ ಮೇಕೆಯಂತೆ ನರಳುತ್ತಿತ್ತು. ಬ್ಯಾಟರಿಯನ್ನು ಬಿಚ್ಚಿ, ಜಟಕಾದಲ್ಲಿಟ್ಟುಕೊಂಡು ಚಾರ್ಜ್ ಮಾಡುವ ಅಂಗಡಿಗೆ ಒಯ್ದರು. "ಭರ್ತಿ ಐತಲ್ಲ ಸ್ವಾಮಿ!" ಎಂದು ಅಂಗಡಿಯವನು ನಕ್ಕ. ರೇಷ್ಮೆ ಪಂಚೆಗೆ ಆಸಿಡ್ಡಿನ ತೂತು ಮಾಡಿಕೊಂಡು ವಾಪಸಾದರು. ಜೋಡಿಸಿದರು. ಟಕ್! ಜಗಲಿಯ ಮೇಲೆ ಮಾವ ಎಲೆಅಡಿಕೆ ಮೆಲ್ಲುತ್ತ ಎಲ್ಲವನ್ನೂ ನೋಡುತ್ತಿದ್ದರು. ಪುಟ್ಟಸ್ವಾಮಿಯವರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಚಾಮುಂಡೇಶ್ವರಿ ಪಕ್ಕದ ಬೀದಿಯ ಮೆಕ್ಯಾನಿಕ್ ಸವರಿಮುತ್ತುವನ್ನು ಕರೆತಂದರು. ಆತ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ.

"ಸಾಹುಕಾರ್ರೇ, ಬ್ಯಾಟರಿಯಿಂದ ಗಾಡಿ ಮೈಗೆ ಕಟ್ಟಿರೋ ಈ ಪಟ್ಟಿ ಅಡೀಗೂ ಬಣ್ಣ ಬಳಿದ್ಬುಟ್ಟಿದೀರಲ್ಲ! ಕರೆಂಟು ಓಡಾಡೋ ದಾರಿ ಇದೇ ಕಣ್ರೀ. ಕಬ್ಬಿಣಕ್ಕೆ ಕಬ್ಬಿಣ ತಾಗ್ಬೇಕು. ಬಣ್ಣದ ಸಂದೀಲಿ ನುಸುಳೋ ಚೂರು ಕರೆಂಟು ದೀಪಕ್ಕೆ ಸಾಕು, ಸ್ಟಾರ್ಟರ್‌ಗೆ ಸಾಲ್ದು. ಆರು ವೋಲ್ಟು ಎಷ್ಟೂಂತ ತಿಣುಕಾಡುತ್ತೆ?"

ಪಟ್ಟಿ ಬಿಚ್ಚಿ, ಚಾಕುವಿನಿಂದ ಎರಡು ಕಡೆಯ ಬಣ್ಣ ಕೆರೆದು ಮತ್ತೆ ಬಿಗಿದ. ಸ್ಟಾರ್ಟರ್ ಒತ್ತಿದ್ದೇ ತಡ, ಕಾರು ಗುಡುಗಿತು!

ಪುಟ್ಟಸ್ವಾಮಿ ಹಲ್ಲುಕಿರಿದು ಸ್ಟಿಯರಿಂಗಿನ ಕಡೆ ಧಾವಿಸುವಷ್ಟರಲ್ಲಿ ಮಾವ ಎದ್ದು ಬಂದು, ಸವರಿಮುತ್ತುವನ್ನೇ ಅಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೂತರು.

"ಮಾವ, ನಾನು?"

"ಹಿಂದೆ ಕೂತ್ಕೊಳ್ಳಿ ಅಳಿಯಂದ್ರೇ. ಸಂಕ್ರಾಂತೀಲಿ ನಾವೂ ಎತ್ತಿಗೆ ಬಣ್ಣ ಬಳೀತೀವಿ. ಆದ್ರೆ ಕೊಂಬಿಗೆ, ಮೇವು ತಿನ್ನೋ ಬಾಯಿಗಲ್ಲ."