ಎಂಟರಲ್ಲಿ ಏಳು ಔಟ್!

"ಈ ಸಲ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲನ್ನ ನಾನು ಅರೆದು ಕುಡಿದುಬಿಟ್ಟಿದ್ದೀನಿ ಕಣೇ!" ಎಂದು ರವಿಶಂಕರ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದ.

"ಕುಡಿಯೋದು ಆಮೇಲೆ. ಮೊದಲು ಈ ಏಲಕ್ಕಿ ಅರೆದುಕೊಡಿ," ಎಂದಳು ಶ್ರೀಲಕ್ಷ್ಮಿ.

ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನ ಸಾಫ್ಟ್‌ವೇರ್ ಆಫೀಸಿನಲ್ಲಿ ರವಿಶಂಕರನಿಗೆ ಅಮೆರಿಕದ ಬಾಸ್ ಒಬ್ಬರು ಬಂದ ಮೇಲೆ ಹತ್ತಿದ ಹುಚ್ಚು ಇದು. ಅದಕ್ಕೆ ಮೊದಲು ಬಾಸ್ಕೆಟ್‌ಬಾಲಿಗೂ ಅವನಿಗೂ ಇದ್ದ ಸಂಬಂಧ ಎಂದರೆ, ಮೈಸೂರಿನ ಹೈಸ್ಕೂಲಿನಲ್ಲಿ ಅದು ಒಂದು ಸಲ ಅವನ ಮೂಗಿಗೆ ಬಡಿದದ್ದು, ಅಷ್ಟೆ. ಈಗ ನೋಡಿ, ಮಹಾಪಂಡಿತ!

"ಅಲ್ಲಿ ಕಾಲೇಜುಗಳೆಲ್ಲ ಕಾನ್ಫರೆನ್ಸ್ ಅಂತ ಗುಂಪು ಕಟ್ಟಿಕೊಂಡಿರ್ತವೆ. ಒಂದೊಂದು ಗುಂಪೂ ಒಂದೊಂದು ಕುಟುಂಬ ಇದ್ದಹಾಗೆ. ಚಳಿಗಾಲವೆಲ್ಲ ಒಳಗೊಳಗೇ ಹೊಡೆದಾಡಿ, ಮಾರ್ಚ್ ಬಂತು ಅಂದ್ರೆ ಎಲ್ಲ ಗುಂಪಿನ ಗಟ್ಟಿಗರೂ ಒಂದೇ ಟೂರ್ನಮೆಂಟಿಗೆ ಬರ್ತಾರೆ. ಸೋತರೆ ಗಂಟುಮೂಟೆ ಕಟ್ಟೋದೇ! ಯಾವ ಕಾನ್ಫರೆನ್ಸ್ ಮೇಲು ಅಂತ ಅಲ್ಲಿ ಗೊತ್ತಾಗೋದು. ಎಸಿಸಿ ಅಂತ ಒಂದಿದೆ..."

"ಸಿಮೆಂಟಾ?"

"ಅಟ್ಲಾಂಟಿಕ್ ಕರಾವಳಿ ಕಣೇ! ಕ್ಯಾಲಿಫೋರ್ನಿಯಾದ ಕಾಲೇಜುಗಳೂ ಅದರಲ್ಲೇ ಇವೆ."

"ಕ್ಯಾಲಿಫೋರ್ನಿಯಾ ಆ ಕಡೆ ಸಮುದ್ರದ ಹತ್ರ ಅಲ್ವೇನ್ರೀ?"

"ಅದನ್ನ ಬಿಡು. ಬಿಗ್ ಟೆನ್ ಅಂತ ಇನ್ನೊಂದು. ಅದರಲ್ಲಿ ಹದಿನೆಂಟು ತಂಡ."

"ಹತ್ತು ಅಂತ ಹೇಳಿ ಹದಿನೆಂಟು ಬಂದ್ರೆ ಅದು ಕಾನ್ಫರೆನ್ಸ್ ಅಲ್ಲ, ನಿಮ್ಮ ದೊಡ್ಡಮ್ಮನ ಮನೆ!"

ಪಂಡಿತನಿಗೆ ರೇಗಿತು. ರೇಗಿದಾಗಲೇ ಅವನು ಪಂಥ ಕಟ್ಟುವುದು. ಎಂಟು ತಂಡ ಕಳಿಸಿದ್ದ ಒಂದು ಭಾರೀ ಕಾನ್ಫರೆನ್ಸನ್ನು ಅವನು ಆರಿಸಿಕೊಂಡ. ಮುಂದೆ ಅದಕ್ಕೆ ಆದ ಗತಿ ನೆನೆದು ಹೆಸರು ಹೇಳದಿರುವುದೇ ಮರ್ಯಾದೆ. ಶ್ರೀಲಕ್ಷ್ಮಿ ಮೂರೇ ತಂಡ ಕಳಿಸಿದ್ದ ಒಂದು ಸಣ್ಣ ಕಾನ್ಫರೆನ್ಸಿಗೆ ಬೆರಳಿಟ್ಟಳು.

"ಎಷ್ಟು ಜನ ಹೋದ್ರು ಅಂತಲ್ಲ, ಎಷ್ಟು ಪಾಲು ಉಳಿದ್ರು ಅಂತ ನೋಡ್ಬೇಕು," ಎಂದು ಷರತ್ತು ಹಾಕಿದಳು. "ನಮ್ಮ ಮದುವೆಗೆ ನಿಮ್ಮ ಕಡೆಯಿಂದ ಬಸ್ಸು ತುಂಬ ಬಂದಿದ್ರು. ಧಾರೆ ಹೊತ್ತಿಗೆ ಕಣ್ಣು ಬಿಟ್ಕೊಂಡಿದ್ದವರು ಮಾವ ಒಬ್ರೇ! ಮೊದಲ ಸುತ್ತು ಮುಗಿಯೋ ಹೊತ್ತಿಗೆ ನಿಮ್ಮ ಗುಂಪು ಹಿಂದೆ ಬಿದ್ರೆ, ನೀವು ಜರ್ಮನ್ ಕ್ಲಾಸಿಗೆ ಸೇರ್ಬೇಕು."

ರವಿಶಂಕರ ಎರಡು ಹೆಜ್ಜೆ ಹಿಂದೆ ಸರಿದ. ಜರ್ಮನಿಗೆ ಬಂದು ಇಷ್ಟು ವರ್ಷವಾದರೂ ಡಾಕ್ಟರಿಂದ ಹಿಡಿದು ಬೇಕರಿಯವರೆಗೆ ಅವನ ಪರವಾಗಿ ಮಾತಾಡುವುದು ಹೆಂಡತಿಯೇ. ಅವನ ಜೇಬಿನಲ್ಲಿದ್ದದ್ದು ನೂರು ಪದ, ವ್ಯಾಕರಣ ಸೊನ್ನೆ. ಕ್ಲಾಸು ಎಂದರೆ ಹಲ್ಲು ಕೀಳಿಸುವಷ್ಟು ಭಯ. "ನಾನು ಗೆದ್ರೆ ಕ್ಲಾಸಿನ ಸುದ್ದಿ ಜನ್ಮದಲ್ಲಿ ಎತ್ತಬಾರದು!" ಎಂದು ಕೈಗೆ ಕೈ ಹೊಡೆದ.

ಮೊದಲ ದಿನವೇ ಅವನ ತಂಡಗಳು ಮಾಗಿದ ಮಾವಿನಹಣ್ಣಿನಂತೆ ಉದುರಿದವು. ಮರುದಿನ ಶುಕ್ರವಾರ ಸಂಜೆ ಶ್ರೀಲಕ್ಷ್ಮಿ, ಮಗಳು ಪವಿಯನ್ನು ಕರೆದುಕೊಂಡು ಅಂಗಡಿಗೆ ಹೊರಟಳು. ಶನಿವಾರ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿಗೆ ಹೋಳಿಗೆ ಇವರ ಮನೆಯದೇ. "ಹೂರಣ ಕೆದಕ್ತಾ ಇರಿ, ತಳ ಹಿಡಿದೀತು!" ಎಂದು ಎರಡೆರಡು ಸಲ ಹೇಳಿ ಹೋದಳು.

ಕೆದಕಿದ, ಪಾಪ! ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಫೋನು. ಆರನೆಯ ತಂಡ ಹೋದಾಗ ಸೌಟು ನಿಂತಿತು. ಏಳನೆಯದು ಕೊನೇ ಗಳಿಗೆಯಲ್ಲಿ ಮುಗ್ಗರಿಸಿದಾಗ ಹೂರಣ ಇದ್ದಿಲಾಯಿತು, ಹೊಗೆ ಎದ್ದಿತು, ಚಾವಣಿಯ ಅಲಾರಾಂ ಇಡೀ ಕಟ್ಟಡ ನಡುಗುವಂತೆ ಕಿರುಚಿತು!

ಬಾಗಿಲು ಬಡಿದವರು ಕೆಳಮನೆಯ ಮುದುಕಿ ಫ್ರಾವ್ ಹೇಗರ್. ಬಾಗಿಲು ತೆಗೆದ ರವಿಶಂಕರನ ಕಣ್ಣಲ್ಲಿ ಧಾರಾಕಾರ ನೀರು. ಅರ್ಧ ಹೊಗೆಯದು, ಅರ್ಧ ನಿಜವಾದ ದುಃಖದ್ದು. ಏನಾಯಿತು ಎಂದು ಆಕೆ ಗಾಬರಿಯಿಂದ ಕೇಳಿದರು. ಕಬಡ್ಡಿಯಲ್ಲಿ ಔಟಾದವನನ್ನು 'ಸತ್ತ' ಅನ್ನುತ್ತಲೇ ಬೆಳೆದವನಲ್ಲವೇ ಇವನು? ಅದನ್ನೇ ಜರ್ಮನ್ನಿಗೆ ಇಳಿಸಿ, ಏಳು ಬೆರಳು ಎತ್ತಿದ.

"ಝೀಬೆನ್... ಟೋಟ್!" ಏಳು ಜನ ಸತ್ತರು!

ಮುದುಕಿ ಎದೆ ಹಿಡಿದುಕೊಂಡರು. "ಟೋಟ್? ವೋ?" ಎಲ್ಲಿ?

"ಅಮೇರಿಕಾ. ಐನರ್ ಲೇಬ್ಟ್." ಒಬ್ಬ ಬದುಕಿದ್ದಾನೆ.

"ಫಮೀಲಿಯೆ?"

ಆಹಾ, ಕಾನ್ಫರೆನ್ಸ್ ಎಂದರೆ ಕುಟುಂಬ ಅನ್ನುವುದು ಈಕೆಗೂ ಗೊತ್ತಲ್ಲ! "ಯಾ, ಯಾ! ಗ್ರೋಸೆ ಫಮೀಲಿಯೆ!" ಎಂದ ರವಿಶಂಕರ. ದೊಡ್ಡ ಕುಟುಂಬ! ಮುದುಕಿ ಅವನನ್ನು ತಬ್ಬಿಕೊಂಡು ಗಳಗಳನೆ ಅತ್ತರು. ಇಂಥ ಬಾಸ್ಕೆಟ್‌ಬಾಲ್ ಭಕ್ತೆ ಕೆಳಗಡೆಯೇ ಇದ್ದದ್ದು ತಿಳಿಯಲೇ ಇಲ್ಲವಲ್ಲ ಎಂದು ಇವನೂ ಅತ್ತ.

ಅಂಗಡಿಯಿಂದ ಬಂದ ಶ್ರೀಲಕ್ಷ್ಮಿ ಪಾತ್ರೆ ನೋಡಿ ಹಣೆ ಚಚ್ಚಿಕೊಂಡು, ಹೊಸದಾಗಿ ಬೇಳೆ ಬೇಯಿಸಿದಳು. ಬೆಳಿಗ್ಗೆದ್ದು ಪವಿಯ ಜೊತೆ ಹಾಲ್ ಅಲಂಕಾರಕ್ಕೆ ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ಕರೆಗಂಟೆ ಶುರು! ಒಬ್ಬೊಬ್ಬರಾಗಿ ಇಡೀ ಕಟ್ಟಡವೇ ಬಂತು. ಬಿಳಿ ಹೂವು, ಕೇಕು, ಕಾರ್ಡು. ಎಲ್ಲರೂ ಕೈ ಹಿಡಿದು, "ಹೆರ್ಜ್‌ಲಿಖೆಸ್ ಬೈಲೈಡ್" ಅನ್ನುವವರೇ. ಆಫೀಸಿನ ಹುಟ್ಟುಹಬ್ಬಗಳಲ್ಲಿ 'ಹೆರ್ಜ್‌ಲಿಖೆನ್' ಕೇಳಿದ್ದ ರವಿಶಂಕರ, ಇದು ಯುಗಾದಿ ಶುಭಾಶಯವೇ ಸರಿ ಎಂದು ಹಿಗ್ಗಿಹೋದ. ಕ್ಯಾಂಟೀನಿನಲ್ಲಿ ಕಲಿತ ಉತ್ತರವನ್ನು ಎಲ್ಲರಿಗೂ ನಗುನಗುತ್ತ ಹಂಚಿದ.

ಮಧ್ಯಾಹ್ನ ತಾಯಿ ಮಗಳು ಹೋಳಿಗೆ ಡಬ್ಬಿ ಒಯ್ಯಲು ಬಂದರು.

"ನನ್ನ ಮೂರರಲ್ಲಿ ಎರಡು ಉಳಿದ್ವು, ನಿಮ್ಮ ಎಂಟರಲ್ಲಿ ಒಂದು," ಎಂದಳು ಶ್ರೀಲಕ್ಷ್ಮಿ. "ಕ್ಲಾಸು ಸೋಮವಾರದಿಂದ."

"ನನಗ್ಯಾಕೆ ಕ್ಲಾಸು? ನಿನ್ನೆ ಫ್ರಾವ್ ಹೇಗರ್ ಜೊತೆ ಟೂರ್ನಮೆಂಟಿನ ಪೂರ್ತಿ ವಿಶ್ಲೇಷಣೆ ಜರ್ಮನ್‌ನಲ್ಲೇ ಮಾಡಿದ್ದೀನಿ! ಇವತ್ತು ಇಡೀ ಬಿಲ್ಡಿಂಗು ಮನೆಗೆ ಬಂದು ಯುಗಾದಿಗೆ ವಿಶ್ ಮಾಡಿದೆ. ನೋಡು, ಕಾರ್ಡು!"

ಶ್ರೀಲಕ್ಷ್ಮಿ ಕಾರ್ಡು ಓದಿದಳು. ಇನ್ನೊಂದು ಸಲ ಓದಿದಳು.

"ರೀ, 'ಅಮೆರಿಕದಲ್ಲಿ ಒಂದೇ ದಿನ ತೀರಿಕೊಂಡ ನಿಮ್ಮ ಏಳು ಜನ ಬಂಧುಗಳ ಆತ್ಮಕ್ಕೆ ಶಾಂತಿ ಸಿಗಲಿ' ಅಂತಿದೆ. ಏನ್ರೀ ಹೇಳಿದ್ರಿ ಆಕೆಗೆ?"

"ಏಳು... ಸತ್ವು... ಅಂತ," ರವಿಶಂಕರನ ದನಿ ಪಾತಾಳಕ್ಕಿಳಿಯಿತು.

"ಅಯ್ಯೋ ದೇವರೇ! ಮೇಲಿನ ಮನೆ ತಾತ ಕೋಲೂರಿಕೊಂಡು ಬಂದಿದ್ರಾ? ಅವರಿಗೆ ಏನಂದ್ರಿ?"

"ಎಲ್ಲರಿಗೂ ಅಂದಹಾಗೇ... 'ಡಾಂಕೆ, ಗ್ಲೈಖ್‌ಫಾಲ್ಸ್' ಅಂದೆ."

ಪವಿ ಸೋಫಾದ ಮೇಲೆ ಉರುಳಿಬಿದ್ದಳು. "ಅಪ್ಪಾ! 'ಥ್ಯಾಂಕ್ಸ್, ನಿಮ್ಮನೆಗೂ ಹಾಗೇ ಆಗ್ಲಿ' ಅಂದಿದ್ದೀಯ!"

ರವಿಶಂಕರ ಒಂದು ಗಳಿಗೆ ಹೂವುಗಳನ್ನು ನೋಡಿದ, ಒಂದು ಗಳಿಗೆ ಕೇಕುಗಳನ್ನು ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ:

"ಲಕ್ಷ್ಮೀ, ಇವತ್ತೇ ಶುರುವಾಗೋ ಕ್ಲಾಸು ಯಾವುದೂ ಇಲ್ವಾ?"